ಬಳ್ಳಾರಿ ಬಿಸಿಲಿನಲ್ಲಿ ಬಾಲ್ ಪೈಥಾನ್: ಪೊರೆ, ಊಟ, ಬೆಳವಣಿಗೆಯ ಸಮಗ್ರ ಮಾರ್ಗದರ್ಶಿ

ಬಾಲ್ ಪೈಥಾನ್ ಎಂಬ ಆಫ್ರಿಕಾದ ಸಣ್ಣ ಹೆಬ್ಬಾವಿನ ಸಾಕಣೆ ಬಗ್ಗೆ ಎಲ್ಲಿ ಓದಿದರೂ ಮೊದಲ ಪಾಠ ಒಂದೇ: ಹಾವಿಗೆ ಬಿಸಿ ಕೊಡಿ. ಕರೆಂಟಿನಿಂದ ಕಾಯುವ ಹೀಟ್ ಮ್ಯಾಟ್ ತನ್ನಿ, ದೀಪ ಹಾಕಿ, ತಣ್ಣಗಾಗಲು ಬಿಡಬೇಡಿ. ಹಿಮ ಬೀಳುವ ದೇಶದವರು ಬರೆದದ್ದು ಅದು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ, ಬಳ್ಳಾರಿಯ ಆರ್‌ಸಿಸಿ ಮನೆಯಲ್ಲಿ, ಕರೆಂಟ್ ಹೋಗಿ ಫ್ಯಾನ್ ನಿಂತಿರುವಾಗ ಅದನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮೊದಲ ವರ್ಷ ನಾನು ಆ ಪಾಠವನ್ನೇ ಚಾಚೂ ತಪ್ಪದೆ ಪಾಲಿಸಿದೆ. ನನ್ನ ಹಾವು ಪೊರೆಯನ್ನು ಚೂರು ಚೂರಾಗಿ ಬಿಟ್ಟಿತು, ಒಂದೂವರೆ ತಿಂಗಳು ಊಟ ಮುಟ್ಟಲಿಲ್ಲ, ಬಾಲದ ತುದಿ ಕಪ್ಪಾಗಿ ಎಳ್ಳುಕಾಳಿನಷ್ಟು ಉದುರಿಯೇ ಹೋಯಿತು.

ನಮ್ಮ ಕಡೆ ಬಿಸಿಗೆ ಬರವಿಲ್ಲ, ಬರ ಇರುವುದು ತೇವಕ್ಕೆ. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಈ ಹಾವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲುಗಳಲ್ಲಿ ಇಲಿ ತೋಡಿದ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಹಗಲು ಕಳೆದು, ರಾತ್ರಿ ಹೊರಗೆ ಬರುತ್ತದೆ. ‘ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ’ ಅಂತ ನಮ್ಮ ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ, ಆದರೆ ಈ ಹಾವಿನ ಮಟ್ಟಿಗೆ ಅದು ಅಕ್ಷರಶಃ ನಿಜ. ಹೊರಗೆ ಎಷ್ಟೇ ಒಣಗಾಳಿ ಬೀಸಲಿ, ಹುತ್ತದ ಒಳಗೆ ತಂಪು, ತೇವ, ಕತ್ತಲು. ನೀವು ಮನೆಯಲ್ಲಿ ಕಟ್ಟಿಕೊಡಬೇಕಾದ್ದು ಅದನ್ನೇ.

ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ ಅಂತ ‘ಬಾಲ್’ ಎಂಬ ಹೆಸರು. ನಮ್ಮ ಮನೆಗೆ ಬಂದ ದಿನವೂ ಹಾಗೇ ಕೂತಿತ್ತು. ಅವ್ವ ದೂರದಿಂದಲೇ ನೋಡಿ, “ಪಂಚಮಿ ಉಂಡಿ ಕಂಡಂಗ ಐತಲ್ಲ” ಅಂದಳು. ಅಂದಿನಿಂದ ಅದರ ಹೆಸರು ಉಂಡಿ. ಮರುವರ್ಷ ಪಂಚಮಿಗೆ ಓಣಿಯ ಅಜ್ಜಿಯೊಬ್ಬರು ತಂಬಿಗೆ ತುಂಬ ಹಾಲು ಹಿಡಿದು ಬಾಗಿಲಿಗೆ ಬಂದರು. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ, ಅದಕ್ಕೆ ಬೇಕಾದದ್ದು ನೀರು ಮಾತ್ರ ಅಂತ ತಿಳಿಸಿ ಹೇಳಿ, ಆ ಹಾಲಿನಲ್ಲಿ ಚಹಾ ಮಾಡಿ ಅವರಿಗೇ ಕುಡಿಸಿ ಕಳಿಸಿದೆವು.

ಮೊದಲ ಹೆಜ್ಜೆ: ಕಾಗದ

ಇದನ್ನು ದಾಟಿ ಮುಂದೆ ಹೋಗಬೇಡಿ. ಬಾಲ್ ಪೈಥಾನ್, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥ ವಿದೇಶಿ ಪ್ರಾಣಿಗಳೂ ಕಾಯ್ದೆಯ ನಾಲ್ಕನೇ ಪರಿಚ್ಛೇದಕ್ಕೆ ಬಂದವು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಹಾವು ಕೈಸೇರಿದಾಗ, ಕೈ ಬದಲಾದಾಗ, ಮರಿಯಾದಾಗ, ಸತ್ತಾಗ ವರದಿ ಕೊಡಬೇಕು. ಮಾರುವವನು ರಸೀದಿ ಮತ್ತು ನೋಂದಣಿ ಕಾಗದ ತೋರಿಸದಿದ್ದರೆ, ಎಷ್ಟೇ ಅಗ್ಗವಾಗಿರಲಿ, ಎದ್ದು ಬನ್ನಿ.

ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ. ನಮ್ಮ ಹೊಲ, ಗುಡ್ಡಗಳಲ್ಲಿ ಸಿಗುವ ಯಾವ ಹಾವನ್ನೂ ಹಿಡಿದು ಸಾಕುವಂತಿಲ್ಲ. ನಮ್ಮ ಹೆಬ್ಬಾವು ಕಾಯ್ದೆಯ ಮೊದಲನೇ ಪರಿಚ್ಛೇದದ ಪ್ರಾಣಿ, ಮುಟ್ಟಿದರೆ ಜೈಲು. ಹತ್ತಿ ಹೊಲದಲ್ಲಿ ‘ಸಣ್ಣ ಹೆಬ್ಬಾವು’ ಸಿಕ್ಕಿತು ಅಂತ ಹುಡುಗರು ಫೋಟೊ ಕಳಿಸುತ್ತಾರೆ. ಹಿಗ್ಗಿಸಿ ನೋಡಿದರೆ ಎಷ್ಟೋ ಸಲ ಅದು ಕೊಳಕುಮಂಡಲ. ದಪ್ಪ ಮೈ, ಕಂದು ಮಚ್ಚೆ, ಗಿಡ್ಡ ಬಾಲ, ಎಲ್ಲ ಹೆಬ್ಬಾವಿನ ಮರಿಯಂತೆಯೇ. ಕಚ್ಚಿದರೆ ಮಾತ್ರ ಹೆಬ್ಬಾವಿನಂತಲ್ಲ.

ಎರಡನೇ ಹೆಜ್ಜೆ: ಹುತ್ತ ಕಟ್ಟುವುದು

ಮರಿಗೆ ಗಟ್ಟಿ ಮುಚ್ಚಳದ, ಅಕ್ಕಪಕ್ಕ ಗಾಳಿ ತೂತು ಇರುವ ಪ್ಲಾಸ್ಟಿಕ್ ಡಬ್ಬಿ ಸಾಕು. ದೊಡ್ಡದಾದ ಮೇಲೆ 4 ಅಡಿ ಉದ್ದ, 2 ಅಡಿ ಅಗಲದ ಪೆಟ್ಟಿಗೆ ಬೇಕು. ಗಾಜಿನ ತೊಟ್ಟಿಗೆ ಜಾಲರಿ ಮುಚ್ಚಳ ಹಾಕಿ ಕೊಡುವ ಅಂಗಡಿಗಳಿವೆ. ನಮ್ಮ ಹವೆಗೆ ಅದು ಬೇಡ; ಬೆಳಿಗ್ಗೆ ಸಿಂಪಡಿಸಿದ ನೀರು ಮಧ್ಯಾಹ್ನದ ಊಟದ ಹೊತ್ತಿಗೆ ಆ ಜಾಲರಿಯಿಂದ ಆವಿಯಾಗಿ ಹೋಗಿರುತ್ತದೆ.

ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, 31ರಿಂದ 33 ಡಿಗ್ರಿ ಸೆಲ್ಸಿಯಸ್. ಇನ್ನೊಂದು ತುದಿ ತಂಪು, 25ರಿಂದ 27. ಹಾವು ತನಗೆ ಬೇಕಾದ ಕಡೆ ಹೋಗಿ ಮಲಗುತ್ತದೆ. ಎರಡೂ ತುದಿಗೆ ಒಂದೊಂದು ಗೂಡು ಇರಲಿ, ಮೈ ಮೂರೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಲಿ. ವಿಶಾಲವಾದ ಗೂಡು ನಮಗೆ ಚೆಂದ, ಅದಕ್ಕೆ ಭಯ.

ಹೀಟ್ ಮ್ಯಾಟ್ ಇಟ್ಟರೆ ಥರ್ಮೋಸ್ಟಾಟ್ (ಬಿಸಿ ಸಾಕಾದಾಗ ಮ್ಯಾಟನ್ನು ತಾನೇ ಆರಿಸುವ ಸಾಧನ) ಇಲ್ಲದೆ ಒಂದು ದಿನವೂ ಉರಿಸಬೇಡಿ. ನನ್ನ ಮೊದಲ ತಪ್ಪು ಇಲ್ಲೇ ಆದದ್ದು. ಡಿಸೆಂಬರ್ ಚಳಿಯಲ್ಲಿ ಅಳತೆ ಸರಿ ಕೂಡಿಸಿ ಹಾಗೇ ಬಿಟ್ಟಿದ್ದೆ. ಮಾರ್ಚ್ ಕೊನೆಗೆ ಕೋಣೆಯೇ 36 ಡಿಗ್ರಿ ದಾಟಿದಾಗ ಮ್ಯಾಟ್ ಕೆಳಗಿನಿಂದ ಇನ್ನೂ ಕಾಯುತ್ತಲೇ ಇತ್ತು. ಥರ್ಮೋಸ್ಟಾಟ್ ಅನ್ನು 32ಕ್ಕೆ ಕೂಡಿಸಿದರೆ ನಮ್ಮ ಊರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಅದು ಹಗಲಲ್ಲಿ ಹೊತ್ತಿಕೊಳ್ಳುವುದೇ ಇಲ್ಲ. ಅದೇ ಸರಿ.

ನೆಲಕ್ಕೆ ಹಾಸಲು ತೆಂಗಿನ ನಾರಿನ ಚೂರು, ಜೊತೆಗೆ ಸ್ವಲ್ಪ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಎರಡೂ ನರ್ಸರಿಯಲ್ಲಿ ಸಿಗುತ್ತವೆ. ಗೊಬ್ಬರ ಬೆರೆಸಿದ್ದು ಬೇಡ, ಬರೀ ನಾರಿನದು. ಮರಳು ಬೇಡ, ಪೈನ್ ಅಥವಾ ದೇವದಾರಿನ ಹೊಟ್ಟು ಬೇಡ. ಹಾಸನ್ನು ಮೂರು ಇಂಚು ದಪ್ಪ ಹಾಕಿ, ನೀರನ್ನು ಮೇಲೆ ಚಿಮುಕಿಸುವ ಬದಲು ಮೂಲೆಯಲ್ಲಿ ಸುರಿಯಿರಿ. ತಳ ಒದ್ದೆ, ಮೇಲ್ಪದರ ಒಣಗಿದ್ದು. ಹಾವು ಒದ್ದೆಯ ಮೇಲೆ ದಿನಗಟ್ಟಲೆ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ.

ಇನ್ನು ಗಡಿಗೆ. ಪೆಟ್ಟಿಗೆಯ ವಸ್ತುಗಳಲ್ಲಿ ನನಗೆ ಹೆಚ್ಚು ಉಪಕಾರ ಮಾಡಿದ್ದು ಇದೇ. ಬಣ್ಣ, ಪಾಲಿಶ್ ಇಲ್ಲದ ಸಣ್ಣ ಮಣ್ಣಿನ ಗಡಿಗೆ ತನ್ನಿ. ಬಾಯಿ ಹಾವಿನ ಮೈಗಿಂತ ಎರಡು ಪಟ್ಟು ಅಗಲ ಇರಲಿ, ಅಂಚನ್ನು ಉಜ್ಜುಗಾಗದದಿಂದ ನಯ ಮಾಡಿ. ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ತೆಗೆದು ಒರೆಸಿ, ಒಳಗೆ ಹಿಂಡಿದ ಕೊಕೊಪೀಟ್ ಒಂದು ಹಿಡಿ ಹಾಕಿ, ತಂಪು ತುದಿಯಲ್ಲಿ ಅಡ್ಡಡ್ಡ ಮಲಗಿಸಿ. ಕುಡಿಯುವ ನೀರಿನ ಗಡಿಗೆ ಹೇಗೆ ತಂಪಾಗುತ್ತದೋ ಹಾಗೆಯೇ ಇದೂ ಬೆವರುತ್ತಾ ಒಳಗೆ ತಂಪು, ತೇವ ಎರಡನ್ನೂ ಹಿಡಿದಿಡುತ್ತದೆ. ಹೊರಗೆ ನನ್ನ ಹೈಗ್ರೋಮೀಟರ್ (ತೇವಾಂಶ ಅಳೆಯುವ ಸಾಧನ) ಶೇ. 24 ತೋರಿಸುವ ಮಧ್ಯಾಹ್ನಗಳಲ್ಲೂ ಗಡಿಗೆಯ ಒಳಗೆ ಶೇ. 70ರ ಆಸುಪಾಸು ಇರುತ್ತದೆ. ಪೆಟ್ಟಿಗೆಯಲ್ಲಿ ಸಾಮಾನ್ಯ ದಿನಗಳಿಗೆ ಬೇಕಾದ ತೇವಾಂಶ ಶೇ. 55ರಿಂದ 65. ಪೊರೆ ಬಿಡುವ ದಿನಗಳಿಗೆ ಶೇ. 70ರ ಮೇಲೆ. ಎರಡು ಗಡಿಗೆ ಇದ್ದರೆ ಒಂದು ನೆನೆಯುತ್ತಿರುತ್ತದೆ, ಒಂದು ಒಳಗಿರುತ್ತದೆ.

ನಮ್ಮ ಮನೆಗಳ ಏರ್ ಕೂಲರ್ ಇಲ್ಲಿ ದೇವರು ಕೊಟ್ಟ ವರ. ಎಸಿ ಕೋಣೆಯ ತೇವವನ್ನು ಹೀರುತ್ತದೆ, ಕೂಲರ್ ತೇವ ಸೇರಿಸುತ್ತದೆ. ಹಾವಿನ ಮಟ್ಟಿಗೆ ಮೂರು ಸಾವಿರದ ಕೂಲರ್ ಮೂವತ್ತು ಸಾವಿರದ ಎಸಿಗಿಂತ ಮೇಲು. ಗಾಳಿ ನೇರ ಪೆಟ್ಟಿಗೆಗೆ ಹೊಡೆಯದಂತೆ ಮುಖ ತಿರುಗಿಸಿಡಿ, ಅಷ್ಟೇ.

ಮೇ ತಿಂಗಳಲ್ಲಿ ಕರೆಂಟ್ ಹೋದರೆ? ಪೆಟ್ಟಿಗೆ ಮೇಲ್ಮಹಡಿಯಲ್ಲಿದ್ದರೆ ಕೆಳಗಿನ ನಡುಕೋಣೆಗೆ ತಂದು ಕಡಪ ಕಲ್ಲಿನ ನೆಲದ ಮೇಲೇ ಇಡಿ. ಒದ್ದೆ ಗೋಣಿಚೀಲವನ್ನು ಹಿಂಡಿ, ಗಾಳಿ ತೂತು ಮುಚ್ಚದಂತೆ ಮೇಲೆ ಹೊದಿಸಿ. ನೀರಿನ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಐಸ್ ಇದ್ದರೆ ಬಟ್ಟೆ ಸುತ್ತಿ ಪೆಟ್ಟಿಗೆಯ ಹೊರಗೆ ಒಂದು ಬದಿಗೆ ಒರಗಿಸಿ, ಒಳಗೆ ಬೇಡ. ತಂಪು ತುದಿಯೂ 34 ದಾಟಿ ಅಲ್ಲೇ ನಿಂತರೆ ಅಪಾಯ ಶುರುವಾಯಿತು ಅಂತ ತಿಳಿಯಿರಿ. ಹಾವು ನೀರಿನ ಬಟ್ಟಲಲ್ಲಿ ಸುತ್ತಿ ಕೂತಿದ್ದರೆ ಅದು ಸೆಖೆಗೂ ಇರಬಹುದು, ಉಣ್ಣಿಯಂಥ ರಕ್ತ ಹೀರುವ ಸಣ್ಣ ಹುಳಕ್ಕೂ ಇರಬಹುದು. ನೀರಿನಲ್ಲಿ ಗಸಗಸೆಯಂಥ ಕಪ್ಪು ಚುಕ್ಕೆ ತೇಲುತ್ತಿವೆಯೇ ನೋಡಿ.

ಮೂರನೇ ಹೆಜ್ಜೆ: ಪೊರೆ ಕಾಯುವುದು

ಮರಿಗಳು 3ರಿಂದ 5 ವಾರಕ್ಕೊಮ್ಮೆ ಪೊರೆ ಬಿಡುತ್ತವೆ. ದೊಡ್ಡವು ಎರಡು ಮೂರು ತಿಂಗಳಿಗೊಮ್ಮೆ ಬಿಟ್ಟರೆ ಹೆಚ್ಚು. ಒಂದು ಸುತ್ತು ಮುಗಿಯಲು ಹತ್ತರಿಂದ ಹದಿನಾಲ್ಕು ದಿನ.

ಮೊದಲ ಎರಡು ಮೂರು ದಿನ ಗೊತ್ತೇ ಆಗುವುದಿಲ್ಲ. ಮೈಯ ಕಪ್ಪು ಮಸುಕಾಗುತ್ತದೆ, ಹಳೆಯ ಸ್ಲೇಟಿನಂತೆ. ಹೊಟ್ಟೆ ತುಸು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಣ್ಣು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ. ಹಳೆಯ ಚರ್ಮ ಮತ್ತು ಕೆಳಗೆ ಸಿದ್ಧವಾದ ಹೊಸ ಚರ್ಮದ ನಡುವೆ ದ್ರವ ತುಂಬಿಕೊಂಡಾಗ ಆ ಗಾಜೂ ಮಂಜಾಗಿ, ಕಣ್ಣು ಅಕ್ಕಿ ತೊಳೆದ ನೀರಿಗೆ ಒಂದು ಹನಿ ನೀಲಿ ಹಾಕಿದಂತೆ ಕಾಣುತ್ತದೆ. ಈ ದಿನಗಳಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಗಾಬರಿ ಜಾಸ್ತಿ. ಎತ್ತಬೇಡಿ, ಊಟ ಇಡಬೇಡಿ. ಇಟ್ಟರೂ ಬಹುಪಾಲು ಮುಟ್ಟುವುದಿಲ್ಲ.

ಹೊಸಬರು ಎಡವುವುದು ಇದರ ಮುಂದಿನ ಹಂತದಲ್ಲಿ. ನಾಲ್ಕೈದು ದಿನವಾದ ಮೇಲೆ ಕಣ್ಣು ಮತ್ತೆ ತಿಳಿಯಾಗುತ್ತದೆ. ಪೊರೆ ಮಾತ್ರ ಬಿಟ್ಟಿರುವುದಿಲ್ಲ. ‘ಓ, ಈ ಸಲ ಬಿಡಲಿಲ್ಲ’ ಅಂದುಕೊಂಡು ನೀರು ಹಾಕುವುದನ್ನು ನಿಲ್ಲಿಸುತ್ತಾರೆ. ನಿಜವಾಗಿ ತೇವ ಅತ್ಯಂತ ಬೇಕಾಗಿರುವುದು ಆಗಲೇ. ಕಣ್ಣು ತಿಳಿಯಾದ ಎರಡರಿಂದ ನಾಲ್ಕು ದಿನದೊಳಗೆ ಪೊರೆ ಬರುತ್ತದೆ. ಹಾಗಾಗಿ ಕಣ್ಣು ಮಂಜಾದ ದಿನ ನೆನೆಸಿದ ಗಡಿಗೆ ಇಡಿ, ಪೊರೆ ಕೈಗೆ ಸಿಗುವವರೆಗೆ ದಿನಕ್ಕೊಂದು ಗಡಿಗೆ ಬದಲಿಸಿ.

ಉಂಡಿ ಪೊರೆ ಬಿಡುವುದನ್ನು ನಾನು ಪೂರ್ತಿ ನೋಡಿದ್ದು ಒಂದೇ ಸಲ, ಬೆಳಗಿನ ಜಾವ ನಾಲ್ಕಕ್ಕೆ, ನೀರು ಬಿಡುವವನ ಸದ್ದಿಗೆ ಎಚ್ಚರವಾಗಿ. ಗಡಿಗೆಯ ಅಂಚಿಗೆ ಮೂತಿ ತಿಕ್ಕುತ್ತಿತ್ತು. ತುಟಿಯ ಬಳಿ ಬೆಳ್ಳುಳ್ಳಿ ಸಿಪ್ಪೆಯಂಥದ್ದು ಎದ್ದು ನಿಂತಿತು, ಮೇಲ್ತುಟಿಯದು ಹಿಂದಕ್ಕೆ, ಕೆಳತುಟಿಯದು ಕೆಳಕ್ಕೆ. ಆಮೇಲೆ ಅವಸರವಿಲ್ಲ. ಸುಮ್ಮನೆ ಮುಂದೆ ಮುಂದೆ ಹರಿಯಿತು, ಒದ್ದೆ ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ಕಳೆದಂತೆ ಪೊರೆ ಹಿಂದೆ ಉಳಿಯಿತು. ಇಪ್ಪತ್ತು ನಿಮಿಷ ಆಗಿರಬಹುದು. ಕೊನೆಗೆ ಬಾಲದ ತುದಿಯನ್ನು ಒಂದು ಸಲ ಒದರಿ, ಹೊಸ ಬಣ್ಣ ಹೊತ್ತು ಗಡಿಗೆಯೊಳಗೆ ಹೋಗಿ ಮಲಗಿತು.

ಪೊರೆ ಸಿಕ್ಕ ಕೂಡಲೇ, ಒಣಗುವ ಮುನ್ನ, ಎರಡು ಜಾಗ ನೋಡಿ. ತಲೆಯ ಭಾಗದಲ್ಲಿ ಎರಡು ಕಣ್ಣಿನ ಗಾಜೂ ಇವೆಯೇ, ಬೆಳಕಿಗೆ ಹಿಡಿದರೆ ಸಣ್ಣ ಗುಂಡು ಮುಚ್ಚಳದಂತೆ ಕಾಣುತ್ತವೆ. ಬಾಲದ ತುದಿ ಚೂಪಾಗಿ ಮುಗಿದಿದೆಯೇ, ಹರಿದಿದೆಯೇ. ಎರಡೂ ಸರಿಯಿದ್ದರೆ ಕೆಲಸ ಮುಗಿಯಿತು.

ಚೂರಾಗಿ ಬಂದಿದ್ದರೆ ಮೊದಲು ನಿಮ್ಮ ಕೈ ಕಟ್ಟಿಕೊಳ್ಳಿ. ಎಳೆದು ಕಿತ್ತರೆ ಕೆಳಗಿನ ಹಸಿ ಚರ್ಮವೂ ಬರುತ್ತದೆ. ಮುಚ್ಚಳವಿರುವ, ಗಾಳಿ ಆಡುವ ಡಬ್ಬಿಯಲ್ಲಿ 30 ಡಿಗ್ರಿ ಆಸುಪಾಸಿನ ನೀರಿನಲ್ಲಿ ಅದ್ದಿ ಹಿಂಡಿದ ಎರಡು ಹತ್ತಿ ಟವೆಲ್ ಹಾಕಿ, ನಡುವೆ ಹಾವನ್ನು ಬಿಡಿ. ಅರ್ಧ ಗಂಟೆ, ಪಕ್ಕದಲ್ಲೇ ಕೂತು. ಅದು ಟವೆಲ್ಲುಗಳ ನಡುವೆ ನುಸುಳಾಡಿದಾಗಲೇ ಬಹಳಷ್ಟು ಕಳಚುತ್ತದೆ. ಉಳಿದದ್ದಕ್ಕೆ ಒದ್ದೆ ಟವೆಲ್ಲನ್ನು ಕೈಯಲ್ಲಿ ಸಡಿಲವಾಗಿ ಹಿಡಿದು, ಹಾವು ತಾನಾಗಿಯೇ ಅದರೊಳಗಿನಿಂದ ಹರಿದು ಹೋಗಲು ಬಿಡಿ. ಆಗಲಿಲ್ಲವೇ, ನಾಳೆ ಮತ್ತೊಮ್ಮೆ.

ಬಾಲದ ತುದಿಯ ಪೊರೆಯನ್ನು ಮಾತ್ರ ‘ಮುಂದಿನ ಸಲ ಹೋಗುತ್ತದೆ’ ಅಂತ ಬಿಡಬೇಡಿ. ಒಣಗಿ ಉಂಗುರದಂತೆ ಬಿಗಿದು ರಕ್ತ ಓಡದಂತೆ ಮಾಡುತ್ತದೆ. ಉಂಡಿ ಬಾಲ ಕಳೆದುಕೊಂಡದ್ದು ಹಾಗೇ. ಕಪ್ಪಾಗಿದ್ದನ್ನು ತೋರಿಸಲು ಹೋದಾಗ ಇಲ್ಲಿಯ ವೈದ್ಯರೊಬ್ಬರು ನಾನು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಹಿಂದೆ ಸರಿದು, “ಎಮ್ಮಿ ಇದ್ರ ತರ್ರಿ” ಅಂದರು. ಅವರನ್ನು ದೂರುವಂತಿಲ್ಲ. ಕೊನೆಗೆ ಬೆಂಗಳೂರಿನ ವೈದ್ಯರಿಗೆ ಫೋಟೊ ಕಳಿಸಿ ಸಲಹೆ ಪಡೆದೆ. ಸರೀಸೃಪ ನೋಡುವ ವೈದ್ಯರ ನಂಬರನ್ನು ಹಾವು ತರುವ ಮೊದಲೇ ಹುಡುಕಿಟ್ಟುಕೊಳ್ಳಿ ಅಂತ ಹೇಳುವುದು ಅದಕ್ಕೇ.

ಕಣ್ಣಿನ ಗಾಜು ಉಳಿದರೆ ಇದರ ಉಲ್ಟಾ. ಚಿಮುಟ, ಟೇಪು, ಉಗುರು ಏನೂ ಬೇಡ. ತೇವ ಹೆಚ್ಚಿಸಿ, ಮುಂದಿನ ಪೊರೆಯವರೆಗೆ ಕಾಯಿರಿ. ಆಗಲೂ ಉಳಿದರೆ ವೈದ್ಯರ ಕೆಲಸ.

ನಾಲ್ಕನೇ ಹೆಜ್ಜೆ: ಊಟ

ಹೊಸ ಹಾವು ಮನೆಗೆ ಬಂದರೆ ಐದರಿಂದ ಏಳು ದಿನ ಊಟ ಬೇಡ, ಎತ್ತಾಟವೂ ಬೇಡ. ನೀರು ಇಟ್ಟು ಸುಮ್ಮನಿರಿ. ಬೀಗರ ಮನೆಗೆ ಹೊಸದಾಗಿ ಹೋದವರಿಗೂ ಮೊದಲ ದಿನ ಹಸಿವು ಎಲ್ಲಿರುತ್ತದೆ.

ಊಟ ಅಂದರೆ ಇಲಿ. ಬೇಯಿಸಿದ ಕೋಳಿ, ಮೊಟ್ಟೆ, ಮೀನು ಯಾವುದೂ ಅಲ್ಲ. ಗಾತ್ರಕ್ಕೆ ಕಣ್ಣಳತೆ: ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಷ್ಟೇ ದಪ್ಪದ ಇಲಿ. ಇನ್ನೂ ಒಳ್ಳೆಯದು ತೂಕದ ಲೆಕ್ಕ. 500 ಗ್ರಾಂ ಆಗುವವರೆಗೆ ಹಾವಿನ ತೂಕದ ಶೇ. 10ರಿಂದ 15ರಷ್ಟು, ವಾರಕ್ಕೊಮ್ಮೆ. ಅಂದರೆ 220 ಗ್ರಾಂ ಹಾವಿಗೆ 22ರಿಂದ 33 ಗ್ರಾಂ ಇಲಿ. 500ರಿಂದ 1,000 ಗ್ರಾಂ ನಡುವೆ ಶೇ. 7ರಿಂದ 10, ಹತ್ತು ಹದಿನಾಲ್ಕು ದಿನಕ್ಕೊಮ್ಮೆ. ಅದರ ಮೇಲೆ ಶೇ. 5ರ ಹತ್ತಿರ, ಎರಡು ಮೂರು ವಾರಕ್ಕೊಮ್ಮೆ, ಕೆಲವಕ್ಕೆ ತಿಂಗಳಿಗೊಮ್ಮೆ ಸಾಕು.

ಹೊಲದ ಇಲಿ, ಮನೆಯ ಬೋನಿಗೆ ಬಿದ್ದ ಇಲಿ ಬೇಡವೇ ಬೇಡ. ಸಿರುಗುಪ್ಪ, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಇಲಿಗೆ ಕೊರತೆಯಿಲ್ಲ, ಗೆಳೆಯರು ಪುಕ್ಕಟೆ ತಂದುಕೊಡುತ್ತೇವೆ ಅನ್ನುತ್ತಾರೆ. ಆದರೆ ಗದ್ದೆಗೆ ಜಿಂಕ್ ಫಾಸ್ಫೈಡ್, ಬ್ರೋಮಾಡಿಯೋಲೋನ್ ಇಡುತ್ತಾರೆ. ವಿಷ ತಿಂದು ಇನ್ನೂ ಸಾಯದ ಇಲಿಯೇ ಕೈಗೆ ಸುಲಭವಾಗಿ ಸಿಗುವುದು. ಅದರ ಮೇಲೆ ಹುಳು, ಜ್ವರ ಬೇರೆ. ಆಹಾರಕ್ಕೆಂದೇ ಸಾಕಿದ, ಹೆಪ್ಪುಗಟ್ಟಿಸಿದ ಇಲಿಯನ್ನು ನಾನು ದೊಡ್ಡ ಊರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ತರಿಸುತ್ತೇನೆ.

ಜೀವಂತ ಇಲಿ ಬಿಡುವುದೂ ಬೇಡ. ಹಾವಿಗೆ ಹಸಿವಿಲ್ಲದಿದ್ದರೆ ಇಲಿಗೆ ಹಸಿವಾಗುತ್ತದೆ. ರಾತ್ರಿಯಿಡೀ ಒಟ್ಟಿಗೆ ಬಿಟ್ಟು ಬೆಳಿಗ್ಗೆ ಬೆನ್ನು ಕೆರೆದು ಮೂಳೆ ಕಾಣುತ್ತಿದ್ದ ಹಾವಿನ ಚಿತ್ರ ನೋಡಿದವರು ಮತ್ತೆ ಆ ಮಾತೆತ್ತುವುದಿಲ್ಲ.

ಮನೆಯ ಫ್ರಿಜ್‌ನಲ್ಲಿ ಇಲಿಗೆ ಜಾಗ ಕೇಳಿ ನಾನು ಬೈಸಿಕೊಂಡದ್ದು ಬರೆಯುವಂಥದ್ದಲ್ಲ. ಹಳೆಯ ಸಣ್ಣ ಡೀಪ್ ಫ್ರೀಜರ್ ಒಂದನ್ನು ಕೊಂಡು ಜಗಲಿಯ ಮೂಲೆಗೆ ಇಟ್ಟೆ. ಅದರಲ್ಲೊಂದು ಉಪಾಯ: ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಾಲ್ಕು ದಿನ ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕೆ ಮುಳುಗಿದ್ದರೆ ನೀವಿಲ್ಲದಾಗ ಕರೆಂಟ್ ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಆ ಇಲಿಗಳನ್ನೆಲ್ಲ ಹೂತುಬಿಡಿ.

ಬಡಿಸುವ ಕ್ರಮ ಹೀಗೆ. ಹಿಂದಿನ ರಾತ್ರಿಯೇ ಇಲಿಯನ್ನು ಜಿಪ್ ಕವರಿನಲ್ಲಿ ಹಾಕಿ, ಫ್ರೀಜರಿನಿಂದ ತೆಗೆದು ಐಸ್ ತುಂಬಿದ ಡಬ್ಬಿಗೆ ಹಾಕಿಡುತ್ತೇನೆ. ನಿಮ್ಮ ಮನೆಯಲ್ಲಿ ಫ್ರಿಜ್‌ನ ಕೆಳಖಾನೆಗೆ ಅನುಮತಿ ಇದ್ದರೆ ಅಲ್ಲಿಡಿ. ಮರುದಿನ ಸಂಜೆ, ಮೈ ಪೂರ್ತಿ ಮೆತ್ತಗಾದ ಮೇಲೆ, ಕವರಿನ ಸಮೇತ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ. ನೀರು ಕೂಸಿಗೆ ಎರೆಯುವಷ್ಟು ಬಿಸಿ ಇದ್ದರೆ ಸಾಕು, ಕುದಿಯುವುದು ಬೇಡ. ಮೈಕ್ರೋವೇವ್ ಅಂತೂ ಬೇಡ, ಹೊಟ್ಟೆ ಒಡೆಯುತ್ತದೆ. ಇಲಿಯ ಮೈ 38 ಡಿಗ್ರಿ ಹತ್ತಿರ ಬರಬೇಕು, ತಲೆ ಇನ್ನೂ ತುಸು ಬೆಚ್ಚಗೆ. ಯಾಕೆಂದರೆ ಬಾಲ್ ಪೈಥಾನಿನ ತುಟಿಗಳ ಮೇಲೆ ಸಾಲಾಗಿ ಸಣ್ಣ ಕುಳಿಗಳಿವೆ. ಬಿಸಿಯನ್ನು ‘ನೋಡುವುದು’ ಆ ಕುಳಿಗಳಲ್ಲೇ. ತಣ್ಣಗಿನ ಇಲಿ ಅದರ ಪಾಲಿಗೆ ಕಲ್ಲಿನಂತೆ.

ಇನ್ನು ಇಲ್ಲಿಯ ಪೇಚು. ಮೇ ತಿಂಗಳ ಸಂಜೆ ಕೋಣೆಯೇ 37 ಡಿಗ್ರಿ ಇದ್ದರೆ ಗೋಡೆ, ನೆಲ, ಇಲಿ ಎಲ್ಲ ಒಂದೇ ಬಿಸಿ. ಹಾವಿಗೆ ಇಲಿ ಎದ್ದು ಕಾಣುವುದಿಲ್ಲ. ಮೊದಲ ಬೇಸಿಗೆ ಉಂಡಿ ಊಟ ಬಿಟ್ಟದ್ದಕ್ಕೆ ಸೆಖೆಯ ಜೊತೆ ಇದೂ ಕಾರಣ ಅಂತ ನನ್ನ ಊಹೆ. ಈಗ ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆ, ಕೂಲರ್ ಎರಡು ಗಂಟೆ ಓಡಿ ಕೋಣೆ ತಣಿದ ಮೇಲೆಯೇ ಬಡಿಸುತ್ತೇನೆ. ಇಲಿಯೂ ಒಂದು ಅಳತೆ ಚಿಕ್ಕದು.

ಒರೆಸಿ ಒಣಗಿಸಿದ ಇಲಿಯನ್ನು ಉದ್ದನೆಯ ಇಕ್ಕಳದಲ್ಲಿ ಸೊಂಟದ ಹತ್ತಿರ ಹಿಡಿದು, ಗೂಡಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಆಡಿಸಿ. ಮುಖಕ್ಕೆ ತುರುಕಬೇಡಿ. ನಾಲಿಗೆ ಆಡುವ ವೇಗ ಮೊದಲು ಹೆಚ್ಚುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ, ಕತ್ತು ಎಸ್ ಆಕಾರಕ್ಕೆ ಮಡಚುತ್ತದೆ. ಆಗ ನಿಮ್ಮ ಕೈ ಹಿಂದಿರಲಿ. ಹೊಡೆತ ಕಣ್ಣಿಗೆ ಬೀಳುವುದಿಲ್ಲ, ಇಲಿ ಆಗಲೇ ಸುತ್ತಿನೊಳಗೆ ಇರುತ್ತದೆ. ಸತ್ತ ಇಲಿಯನ್ನೇ ಮತ್ತೆ ಐದು ನಿಮಿಷ ಹಿಂಡಿ, ತಲೆ ಎಲ್ಲಿದೆ ಅಂತ ಮೂಸಿ ಹುಡುಕಿ, ತಲೆಯಿಂದ ನುಂಗಲು ಶುರು ಮಾಡುತ್ತದೆ. ನುಂಗಿದ ಮೇಲೆ ಎರಡು ಮೂರು ಸಲ ದೊಡ್ಡ ಆಕಳಿಕೆ. ದವಡೆಯನ್ನು ಸ್ವಸ್ಥಾನಕ್ಕೆ ಕೂಡಿಸಿಕೊಳ್ಳುವ ಪರಿ ಅದು. ಎರಡು ದಿನ ಮುಟ್ಟಬೇಡಿ.

ನುಂಗಿದ್ದನ್ನು ವಾಂತಿ ಮಾಡಿದರೆ ಮರುದಿನವೇ ಇನ್ನೊಂದು ಇಲಿ ಕೊಡುವ ಕನಿಕರ ಬೇಡ. ಹೊಟ್ಟೆಯ ರಸವೆಲ್ಲ ಹೊರಗೆ ಹೋಗಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಮೊದಲಿನ ಅರ್ಧ ಗಾತ್ರದ್ದು ಕೊಡಿ. ಮತ್ತೆ ವಾಂತಿಯಾದರೆ ವೈದ್ಯರು.

ಊಟ ಬಿಡುವುದರ ಬಗ್ಗೆ ಬರುವಷ್ಟು ಫೋನು ನನಗೆ ಬೇರೆ ಯಾವುದಕ್ಕೂ ಬರುವುದಿಲ್ಲ. ಈ ಜಾತಿಗೆ ಉಪವಾಸ ರಕ್ತದಲ್ಲೇ ಇದೆ. ಗಂಡು ಹಾವುಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಸಂಗಾತಿಯ ಧ್ಯಾನದಲ್ಲಿ ತಿಂಗಳುಗಟ್ಟಲೆ ಊಟ ಬಿಡುವುದುಂಟು. ನೋಡಬೇಕಾದ್ದು ದಿನಗಳ ಲೆಕ್ಕವನ್ನಲ್ಲ, ತೂಕವನ್ನು. ಶೇ. 10ರೊಳಗೆ ಇಳಿದಿದ್ದರೆ, ಬಿಸಿ ತೇವ ಗೂಡು ಸರಿಯಿದ್ದರೆ, ವಾರ ಹತ್ತು ದಿನಕ್ಕೊಮ್ಮೆ ಇಲಿ ತೋರಿಸಿ ಸುಮ್ಮನಿರಿ. ಉಂಡಿ ಆ ಬೇಸಿಗೆ 196 ಗ್ರಾಂನಿಂದ 178ಕ್ಕೆ ಇಳಿದಿತ್ತು, ಶೇ. 9ರ ಚಿಲ್ಲರೆ. ಇನ್ನೊಂದೆರಡು ಗ್ರಾಂ ಇಳಿದಿದ್ದರೆ ಬೆಂಗಳೂರು ರೈಲು ಹತ್ತುತ್ತಿದ್ದೆ. ಮರಿ ಹಾವು ಇಳಿಯುತ್ತಾ ಹೋದರೆ ಮಾತ್ರ ಶೇ. 10 ಆಗಲಿ ಅಂತಲೂ ಕಾಯಬೇಡಿ. ಉಸಿರಾಡುವಾಗ ಸಿಳ್ಳೆ, ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ತಲೆ ಮೇಲೆತ್ತಿ ಕೂರುವುದು ಕಂಡರೆ ಅದು ಉಪವಾಸವಲ್ಲ, ಶ್ವಾಸಕೋಶದ ಸೋಂಕು. ಅಂದೇ ವೈದ್ಯರನ್ನು ಸಂಪರ್ಕಿಸಿ.

ಹಾವು, ಇಲಿ, ಪೆಟ್ಟಿಗೆ ಯಾವುದು ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಎಂಬ ರೋಗಾಣು ಹಾವಿಗೆ ಏನೂ ಮಾಡದೆ ಮನೆಯ ಕೂಸಿಗೆ ಬೇಧಿ ಹಚ್ಚಬಲ್ಲದು.

ಐದನೇ ಹೆಜ್ಜೆ: ಬೆಳವಣಿಗೆ ಬರೆದಿಡುವುದು

ಒಂದು ಅಡುಗೆಮನೆ ತಕ್ಕಡಿ, ಒಂದು ಡಬ್ಬಿ, ಒಂದು ನೋಟ್‌ಬುಕ್. ತಿಂಗಳಿಗೊಮ್ಮೆ, ಊಟಕ್ಕೆ ಮುನ್ನ, ಹೊಟ್ಟೆ ಖಾಲಿ ಇದ್ದಾಗ ತೂಗಿ. ಊಟ, ಪೊರೆ, ಮಲ, ತೂಕ, ನಾಲ್ಕು ಸಾಲು. ಮೊಬೈಲಿಗಿಂತ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮೇಲೆ ಬರೆದರೆ ಮನೆಮಂದಿಗೂ ಗೊತ್ತಾಗುತ್ತದೆ.

ಮೊಟ್ಟೆಯಿಂದ ಬಂದ ಮರಿ 50ರಿಂದ 80 ಗ್ರಾಂ ಇರುತ್ತದೆ. ಪೂರ್ತಿ ಬೆಳೆದ ಹೆಣ್ಣು ಮೂರರಿಂದ ಐದು ಅಡಿ, ಒಂದೂವರೆ ಕೆಜಿಯ ಮೇಲೆ. ಗಂಡು ಅದಕ್ಕಿಂತ ಚಿಕ್ಕದು. ಉಂಡಿ ಹೆಣ್ಣು. 2021ರ ಡಿಸೆಂಬರ್‌ನಲ್ಲಿ ಬಂದಾಗ 112 ಗ್ರಾಂ. 2022ರ ಡಿಸೆಂಬರಿಗೆ 410, ಮರುವರ್ಷ 880, ಅದರ ಮರುವರ್ಷ 1,240. ಮೊದಲ ಎರಡು ಮೂರು ವರ್ಷ ಏರುವ ವೇಗ ಆಮೇಲೆ ಇರುವುದಿಲ್ಲ. ಅದಕ್ಕೆ ಗಾಬರಿಯಾಗಿ ಇಲಿ ಹೆಚ್ಚಿಸುವವರಿದ್ದಾರೆ. ಬೇಗ ದೊಡ್ಡದು ಮಾಡುವ ಆಸೆಗೆ ವಾರಕ್ಕೆರಡು ಇಲಿ ತಿನ್ನಿಸಿದರೆ ಸೇರುವುದು ಕೊಬ್ಬು, ಕೆಡುವುದು ಯಕೃತ್ತು. ಹಾಗೆಂದು ಕಡಿಮೆ ಕೊಟ್ಟರೆ ಪುಟ್ಟದಾಗಿಯೇ ಉಳಿಯುತ್ತದೆ ಅನ್ನುವುದೂ ತಪ್ಪು, ಅದು ಬಡಕಲಾಗುತ್ತದೆ ಅಷ್ಟೇ.

ತಕ್ಕಡಿ ಹೇಳದ್ದನ್ನು ಕೈ ಹೇಳುತ್ತದೆ. ಬೆನ್ನ ಮೇಲೆ ಬೆರಳು ಆಡಿಸಿ. ಬೆನ್ನುಮೂಳೆ ಹೆಂಚಿನ ಮನೆಯ ಛಾವಣಿಯ ಏಣಿನಂತೆ ಎದ್ದು ಎರಡೂ ಕಡೆ ಇಳಿಜಾರಾಗಿದ್ದರೆ ಹಾವು ಬಡವಾಗಿದೆ. ಮೂಳೆ ಬೆರಳಿಗೆ ತಾಗಿದರೂ ಪಕ್ಕೆಗಳು ಗುಂಡಗಿದ್ದರೆ ಸರಿ. ಸುತ್ತಿಕೊಂಡಾಗ ಪಕ್ಕೆಯಲ್ಲಿ ಮಡಿಕೆ ಬಿದ್ದು, ಹುರುಪೆಗಳ ನಡುವಿನ ಚರ್ಮ ಸದಾ ಕಾಣುತ್ತಿದ್ದರೆ ಇಲಿ ಕಡಿಮೆ ಮಾಡಿ.

ಆಯುಷ್ಯದ ವಿಷಯ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಮಾಮೂಲು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು 2020ರಲ್ಲಿ, 62 ವರ್ಷ ದಾಟಿದ ಮೇಲೆ, ಗಂಡಿನ ಜೊತೆಯಿಲ್ಲದೆಯೇ ಏಳು ಮೊಟ್ಟೆ ಇಟ್ಟಿತು. ಇದನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: “ಅಷ್ಟು ವರ್ಷ ಇಲಿ ಯಾರು ತರ್ತಾರ?”

ಉದ್ದ ಅಳೆಯಲು ಪೊರೆಯನ್ನು ನಂಬಬೇಡಿ. ಕಳಚುವಾಗ ಹುರುಪೆಗಳ ನಡುವಿನ ಮಡಿಕೆ ಬಿಚ್ಚಿ, ಪೊರೆ ಹಾವಿಗಿಂತ ಉದ್ದವಾಗುತ್ತದೆ. ಹಾವು ನೆಲದ ಮೇಲೆ ಹರಿಯುವಾಗ ಮೇಲಿನಿಂದ ಫೋಟೊ ತೆಗೆದು, ಪಕ್ಕದಲ್ಲಿಟ್ಟ ಅಳತೆಪಟ್ಟಿಗೆ ಹೋಲಿಸುವುದು ವಾಸಿ. ನಾನಂತೂ ಪೊರೆಗಳನ್ನು ತಾರೀಖು ಬರೆದು ಹಳೆಯ ಸೀರೆ ಡಬ್ಬಿಯಲ್ಲಿ ಇಡುತ್ತೇನೆ. ಹಾಲು ತಂದಿದ್ದ ಅಜ್ಜಿ ಹೋದ ದೀಪಾವಳಿಗೆ ಬಂದು, ಮಗನ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಇಡಲು ಒಂದು ಪೊರೆ ಕೇಳಿದರು. ಇಡಿಯಾಗಿ ಬಂದ, ಕಣ್ಣಿನ ಗಾಜು ಎರಡೂ ಇದ್ದ ಒಂದನ್ನು ಆರಿಸಿ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಬಾಲ ಸರಿ ಐತಿಲ್ಲಪ್ಪ?” ಅಂದರು.